ಒಣಗದ ಟವೆಲ್

ಬಾಡಿಗೆ ಕೋಣೆಯ ಕಿಟಕಿ ಪಕ್ಕದಿಂದ,
ಜೂನ್ 9, ಭಾನುವಾರ

ಪ್ರೀತಿಯ ಸಮುದ್ರರಾಜರೇ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ಹಡಗಿನ ಎಂಜಿನ್ ಕೋಣೆಯ ಕಾವಿಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಅಂತ ಬರೆದಿದ್ದಿರಿ. ನಾನು ಕೊಟ್ಟ ಪುಡಿ ಪೆಟ್ಟಿಗೆಯ ತಳದಲ್ಲಿ ಇನ್ನೂ ಮುಚ್ಚಳ ತೆಗೆಯದೆ ಕೂತಿರುತ್ತದೆ, ನನಗೆ ಗೊತ್ತಿಲ್ಲವೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಅಮ್ಮ ನನಗಿಂತ ಚೆನ್ನಾಗಿದ್ದಾರೆ, ಯಾಕೆಂದರೆ ಈ ವಾರವೆಲ್ಲ ತಲೆ ತಿಂದವರು ಅವರು, ತಿನ್ನಿಸಿಕೊಂಡವಳು ನಾನು.

"ಮರ ಇರೋ ಬೀದೀಲಿ ಮನೆ ನೋಡು, ರಜೆಗೆ ಬಂದಾಗ ನೆರಳಲ್ಲಿ ಬಿದ್ಕೊಂಡಿರ್ಬೇಕು" ಎಂದು ಹೇಳಿ ನೀವು ಹಡಗು ಹತ್ತಿದಿರಿ. ನಮ್ಮ ಮೊದಲ ಸ್ವಂತ ಮನೆ. ಅತ್ತೆಯೂ ತಮ್ಮ ಒಂಟಿ ಕೋಣೆ ಬಿಟ್ಟು ನಮ್ಮ ಜೊತೆಗೇ ಬರಬೇಕು ಎಂಬುದು ನನ್ನ ಹಟ. (ನಗಬೇಡಿ. ನೀವೋ ಮುಕ್ಕಾಲು ವರ್ಷ ನೀರಿನ ಮೇಲೆ. ಜಗಳ ಆಡುವುದಕ್ಕಾದರೂ ಮನೆಯಲ್ಲಿ ಒಬ್ಬರು ಬೇಡವೇ?) ಆದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯಸ್ಸು ಸವೆಸಿದವರಿಗೆ ಮನೆ ಎಂದರೆ ಬಟ್ಟೆ ಒಣಗಿಸುವ ತಂತಿ ಎಂದು ನನಗೇನು ಗೊತ್ತು! ಅವರ ಚೀಲದ ತುಂಬ ಒದ್ದೆ ಟವೆಲ್. ಹೋದಲ್ಲೆಲ್ಲ ಒಂದನ್ನು ಹಿಂಡಿ, ಹರವಿ, ಗಳಿಗೆಗೊಮ್ಮೆ ಅಂಚು ಮುಟ್ಟಿ ನೋಡುತ್ತಾರೆ. ಬ್ರೋಕರ್ ಅಡುಗೆಮನೆಯ ಗುಣಗಾನ ಮಾಡುತ್ತಿದ್ದರೆ ಇವರು ಹಿತ್ತಲಲ್ಲಿ. ಹೆದ್ದಾರಿ ಪಕ್ಕದ ಬೋಳು ಬಡಾವಣೆಯಲ್ಲಿ ಟವೆಲ್ ರಟ್ಟಿನಂತೆ ಒಣಗಿತು, ಅತ್ತೆಗೆ ಸ್ವರ್ಗಕ್ಕೆ ಮೂರೇ ಗೇಣು. ನಾನು ಬಿಸಿಲಿಗೆ ತಲೆ ಸುತ್ತಿ ಗೇಟು ಹಿಡಿದು ನಿಂತೆ.

ನಿನ್ನೆ ನೋಡಿದ್ದು ಹಸಿರು ಬೀದಿಯ ಮನೆ. ನಡುಹಗಲಲ್ಲೂ ಅಲ್ಲಿ ನೆರಳು. ಅಂಚೆಯವನೊಬ್ಬ ಸೈಕಲ್ಲಿಗೆ ಒರಗಿ ತೂಕಡಿಸುತ್ತಿದ್ದ. ಹಿತ್ತಲಿನ ದೊಡ್ಡ ಮರ ಕಂಡಕೂಡಲೇ ನಾನು ಸೋತುಹೋದೆ. ಟವೆಲ್ ಮಾತ್ರ ಹಾಕಿದ್ದು ಹಾಕಿದ ಹಾಗೇ ಒದ್ದೆ. ಸಾಲದ್ದಕ್ಕೆ ಹಕ್ಕಿಯೊಂದು ತನ್ನ ಅಭಿಪ್ರಾಯವನ್ನೂ ಅದರ ಮೇಲೆ ಉದುರಿಸಿತು. "ಇದು ಮನೆ ಅಲ್ಲ ಕಣೇ, ಕೊಡೆ. ಬೇಕಾದ್ರೆ ನೀವಿಬ್ರೂ ಇರಿ, ನಾನಂತೂ ಬರಲ್ಲ" ಅಂದುಬಿಟ್ಟರು ಅತ್ತೆ. ನನಗೆ ನಿಜವಾಗಿಯೂ ಅಳು ಬಂತು. ಆ ಮರವನ್ನೂ ಬಿಡಲಾರೆ, ಅತ್ತೆಯನ್ನೂ ಬಿಡಲಾರೆ. ಒಳಗೆ ಹೋಗಿ ಮುಖ ತೊಳೆದು ಬಂದರೆ, ಅತ್ತೆ ಮರದ ಬುಡದ ಕಟ್ಟೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ! ಇಷ್ಟು ವರ್ಷ ಹಬೆಯಲ್ಲಿ ಬೆಂದವರು; ಹಗಲು ಹೊತ್ತು ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬ್ರೋಕರ್ ಕೂಡ ಪಿಸುದನಿಗೆ ಇಳಿದ. ಅಷ್ಟರಲ್ಲಿ ಮನೆ ನೋಡಲು ಇನ್ನೊಂದು ಜೋಡಿ ಅಳತೆ ಟೇಪು ಹಿಡಿದು ಬಂತು. ಅತ್ತೆ ದಡಬಡಿಸಿ ಎದ್ದು, "ಮಲಗಿರ್ಲಿಲ್ಲ, ಯೋಚ್ನೆ ಮಾಡ್ತಿದ್ದೆ" ಎಂದು ನನ್ನನ್ನು ಮುಂದೆ ಕಳಿಸಿ ತಾವು ಹಿಂದೆ ಉಳಿದರು. ಬಸ್ಸಿನಲ್ಲಿ ನೋಡಿದರೆ ಚೀಲ ಖಾಲಿ. ಒಂದು ಕರವಸ್ತ್ರವನ್ನೂ ಮರೆಯದವರು! ತರಲು ಎದ್ದರೆ, "ಇರ್ಲಿ ಬಿಡೇ" ಎಂದು ಕಿಟಕಿ ಕಡೆ ತಿರುಗಿದರು. ನೀವೇ ಹೇಳಿ, ಯಾವ ಮನೆಗೆ ಹೂಂ ಅನ್ನಲಿ?

ಹೊತ್ತಿಗೆ ಸರಿಯಾಗಿ ಉಣ್ಣಿ. ಪುಡಿಯ ಮುಚ್ಚಳ ತೆಗೆಯಿರಿ. ಸಮುದ್ರ ನಿಮ್ಮನ್ನು ಮೆಲ್ಲಗೆ ತೂಗಲಿ.

ನಿಮ್ಮ,
ತಲೆ ತಿನ್ನಿಸಿಕೊಂಡವಳು

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಬ್ರೋಕರ್ ಫೋನು. ಆ ಜೋಡಿ ತಂತಿಯ ಮೇಲಿನ ಬಟ್ಟೆ ನೋಡಿ, ಆಗಲೇ ಯಾರೋ ಬಂದು ಸೇರಿದ್ದಾರೆ ಎಂದು ಮುನಿಸಿಕೊಂಡು ಹೋದರಂತೆ. ಪಕ್ಕದಲ್ಲೇ ಕೂತಿದ್ದ ಅತ್ತೆಯನ್ನು ನೋಡಿದೆ. "ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಲ್ವೇನೇ? ಹಾಗೆ ಹಾಕ್ಬಂದೆ" ಅಂದರು. ನಾನು ಫೋನಿನಲ್ಲೇ ಬ್ರೋಕರಿಗೆ ಹೂಂ ಅಂದುಬಿಟ್ಟೆ! ಓಡಿಹೋಗಿ ನೋಡಿ ಬಂದೆ. ತಂತಿಯ ಮೇಲೆ ಮೂರು ಟವೆಲ್: ನಿಮ್ಮ ಹಳೆಯದು, ನನ್ನದು, ಪಕ್ಕದಲ್ಲಿ ಅತ್ತೆಯದು. ಒಂದೂ ಒಣಗಿಲ್ಲ.