ಎಲೆತೋಟದ ಹೊರಗಿನ ಚಪ್ಪಲಿ

ನೀಲಪ್ಪ,

ನೀನು ಸತ್ತು ವರ್ಷವಾಗುತ್ತ ಬಂತು, ತಮ್ಮಾ. ಇದನ್ನು ಓದುವವರಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸವಣೂರಿನಲ್ಲಿ ನಾವಿಬ್ಬರೂ ದುಡಿದ ಸಸ್ಯೋದ್ಯಾನವನ್ನು ರಾಜಶ್ರೀ ಎಂಬ ಹುಡುಗಿ ಕಂಪ್ಯೂಟರಿನೊಳಗೆ ಕಟ್ಟಿದ್ದಾಳೆ. ಏರು, ತಗ್ಗು, ಗಿಡ, ಕಾಲುವೆ ಎಲ್ಲ ಇದ್ದಂತೆಯೇ ಇವೆ. ಗುಂಡಿ ಒತ್ತಿದರೆ ಒಳಗೆ ಅಡ್ಡಾಡಬಹುದು. ಹೋದ ವರ್ಷ ಡ್ರೋನ್ ಹಾರಿಸಿದರಲ್ಲ, ಆ ಫೋಟೋಗಳಿಂದ ಮಾಡಿದ್ದಂತೆ. ಅವತ್ತು ನೀನು ನನ್ನ ಕೂಡ ಜಗಳಾಡಿ, ಉಣ್ಣದೆ ಉದ್ಯಾನದ ವೀಳ್ಯದ ಎಲೆತೋಟ ಹೊಕ್ಕಿದ್ದೆ.

ಕಂಪ್ಯೂಟರಿನೊಳಗಿನ ಆ ತೋಟದ ಬಾಗಿಲಲ್ಲಿ ನಿನ್ನ ಚಪ್ಪಲಿ ಕಂಡವು. ಹರಿದ ಪಟ್ಟಿಗೆ ನೀನೇ ತಂತಿ ಸುತ್ತಿದ್ದವು. ಎಲೆಬಳ್ಳಿಯ ನಡುವೆ ನಾವು ಯಾವತ್ತು ಚಪ್ಪಲಿ ಮೆಟ್ಟಿದ್ದೇವೆ?

"ಫೋಟೋದಾಗಿನ ಮಂದೀನೆಲ್ಲಾ ಅಳಿಸೇನ್ರಿ ಅಜ್ಜಾ. ಇವಷ್ಟ ಉಳದಾವ. ತಗೀಲೇನ್ರಿ?" ಎಂದಳು ರಾಜಶ್ರೀ.

"ಕೈ ಹಚ್ಚಿದಿ ಅಂದ್ರ ನೋಡು!"

ಹುಡುಗಿ ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು. ನಾನು ಮೇಜಿನ ಕೆಳಗೆ ನನ್ನ ಚಪ್ಪಲಿ ಕಳಚಿಟ್ಟು ಗುಂಡಿ ಒತ್ತಿದೆ. ಸಾಲು ಸಾಲು ಹುಡುಕಿದೆ. ಒಂದು ಎಲೆಯೂ ಅಲುಗಲಿಲ್ಲ. ಆದರೆ ಚಪ್ಪಲಿ ಹೊರಗಿವೆ ಅಂದಮೇಲೆ ನೀನು ಒಳಗೇ ಇರಬೇಕಲ್ಲ.

"ನೀಲ್ಯಾ, ಸಿಟ್ಟು ಸಾಕು. ಉಣ್ಣಾಕ ಬಾರೋ" ಎಂದು ಕರೆದೇಬಿಟ್ಟೆ.

ರಾಜಶ್ರೀ ಬೆಚ್ಚಿ ಕೋಣೆಯ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ.