ಬಾಗಿಲ ಮೇಲಿನ ಬೂಮರಾಂಗ್

ನನ್ನ ವೇಣಿಗೆ,

ಹೊರಗೆ ಚಪ್ಪರದಡಿ ನಿನ್ನ ಕೈಗೆ ಬಳೆ ತೊಡಿಸುತ್ತಿದ್ದಾರೆ. ನಾನು ಒಳಗೆ ಗೋಣಿಚೀಲದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಚೀಲದಲ್ಲಿ ನನ್ನ ಬೂಮರಾಂಗ್‌ಗಳಿವೆ. ನಡುಮನೆಯ ಗೋಡೆಯಲ್ಲಿ ಈಗ ಬರೀ ಮೊಳೆಗಳು.

ಇಳಿಸಿದ್ದು ನಿನ್ನ ಸೋದರತ್ತೆ ಪದ್ಮಾವತಿಯ ಮಾತಿಗೆ. "ಎಸೆದ್ರೆ ವಾಪಸ್ ಬರೋ ಸಾಮಾನು ಮದ್ವೆ ಮನೇಲಿ ಇರಬಾರ್ದು ಅತ್ತಿಗೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಬೀಗರು ನೋಡಿದ್ರೆ ಏನಂದ್ಕೊಂಡಾರು?" ಅಂದರು. ನಾಳೆ ಮದುವೆ, ಇವತ್ತು ಜಗಳ ಬೇಡವೆಂದು ಒಂದೊಂದಾಗಿ ಚೀಲಕ್ಕೆ ತುಂಬಿದೆ.

ನಾನು ಕೆಲಸಕ್ಕಿದ್ದ ಪೀಣ್ಯದ ಪ್ಯಾಕಿಂಗ್ ಪೆಟ್ಟಿಗೆ ಕಾರ್ಖಾನೆಗೆ ಮೆಷಿನ್ ಕೂರಿಸಲು ಬಂದಿದ್ದ ಆಸ್ಟ್ರೇಲಿಯಾದ ಮುದುಕ ಹೊರಡುವಾಗ ಕೊಟ್ಟ ಒಂದರಿಂದ ಹಿಡಿದ ಹುಚ್ಚು ಇದು. ಆಮೇಲೆ ತಮಿಳುನಾಡಿನಲ್ಲಿ ಬೇಟೆಗೆ ಎಸೆಯುತ್ತಿದ್ದ ವಳರಿ ಬಂತು, ಗುಜರಾತಿನ ಜಾಲಿಮರದ್ದು ಬಂತು. ಬೇರೆಯವರ ಮನೆಯಲ್ಲಿ ಒಡವೆ ಕೂಡಿದರೆ ನಮ್ಮಲ್ಲಿ ಸೊಟ್ಟ ಕಟ್ಟಿಗೆ ಕೂಡಿತು ಎಂದು ನಿಮ್ಮಪ್ಪ ಇಂದಿಗೂ ಆಡಿಕೊಳ್ಳುತ್ತಾರೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾವಿಬ್ಬರೇ ಮಾಡಿದ್ದು. ಲಗ್ಗೆರೆಯ ರಸ್ತೆಗೆಂದು ಕಡಿದ ಹುಣಸೆಯ ಬಾಗಿದ ಕೊಂಬೆಯನ್ನು ಉಜ್ಜಿ ಉಜ್ಜಿ ನಿನ್ನ ಬೆರಳು ಕೆಂಪಾಗಿತ್ತು. ಅದು ಒಂದು ಸಲವೂ ವಾಪಸ್ ಬರಲಿಲ್ಲ. ಪ್ರತಿ ಸಲ ನೀನೇ ಓಡಿಹೋಗಿ ತರುತ್ತಿದ್ದೆ.

ನನ್ನ ಭಯ ಶಕುನದ್ದಲ್ಲ ಮಗಳೇ. ನಿಶ್ಚಿತಾರ್ಥದ ದಿನ ನೀನು ಗೆಳತಿಯ ಜೊತೆ ಮಾತಾಡುತ್ತಿದ್ದಾಗ ಹರ್ಷವರ್ಧನ್ ನಿನ್ನ ಕೈಯಿಂದ ಫೋನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. "ಸಾಕು ಬಿಡು ಮಾತು" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ನಿನ್ನ ಕೈ ಮಡಿಲಲ್ಲಿ ಹಾಗೇ ತೆರೆದುಕೊಂಡಿತ್ತು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕೇಳಿದ್ದಕ್ಕೆ "ಸುಮ್ನಿರಮ್ಮ, ಪ್ರೀತಿಗೆ ಹಂಗ್ ಮಾಡ್ತಾರೆ" ಅಂದುಬಿಟ್ಟೆ. ಇರಬಹುದು. ನಾನು ಕಂಡದ್ದು ಸುಳ್ಳಾಗಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೇನೆ.

ಈ ಕಾಗದವನ್ನು ನಿನ್ನ ಧಾರೆ ಸೀರೆಯ ಮಡಿಕೆಯಲ್ಲಿ ಇಡುತ್ತೇನೆ. ಉಡುವಾಗ ಸಿಗುತ್ತದೆ. ಆಗ ಈ ಮದುವೆ ಬೇಡವೆನಿಸಿದರೆ ನನ್ನ ಕಡೆ ಒಮ್ಮೆ ನೋಡು, ಸಾಕು. ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಈಗಷ್ಟೇ ಆ ಹುಣಸೆಯದನ್ನು ಚೀಲದಿಂದ ತೆಗೆದು ತಲೆಬಾಗಿಲ ಮೇಲೆ, ಮಾವಿನ ತೋರಣದ ಪಕ್ಕ ಸಿಕ್ಕಿಸಿ ಬಂದೆ. ನಿಮ್ಮತ್ತೆ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ.

ನಾಳೆ ಎಲ್ಲರೂ ಅಕ್ಷತೆ ಹಾಕಿ ನೂರು ವರ್ಷ ಬಾಳು ಎನ್ನುತ್ತಾರೆ. ನನ್ನ ಹರಕೆ ಚಿಕ್ಕದು: ನಗುನಗುತ್ತಾ ಇರು. ಆಗದಿದ್ದರೆ ಬಂದುಬಿಡು. ಬರಲೂ ಆಗದಿದ್ದರೆ ಫೋನು ಮಾಡು. ಆ ಫೋನೂ ಬಾರದಿದ್ದರೆ ಅದನ್ನೇ ಕರೆ ಎಂದುಕೊಂಡು ಬೆಳ್ಳಂದೂರಿನ ನಿನ್ನ ಗಂಡನ ಮನೆಗೆ ಹೊರಟುಬರುತ್ತೇನೆ. ಈ ಸಲ ಓಡಿಬರುವ ಸರದಿ ನನ್ನದು.

ನಿನ್ನ ಅಮ್ಮ,
ಶ್ಯಾಮಲಾ