ಎದೆಯ ಮೇಲಿನ ಎಡಗೈ

೭ ಜನವರಿ ೧೯೬೧, ಶನಿವಾರ. ಬೆಳಿಗ್ಗೆ ೯

ಅಪ್ಪಾಜಿಯ ಪೂಜೆ ಮುಗಿಯಿತು. ಎಂದಿನಂತೆ ಎರಡು ಬಿಲ್ವದಳ ಕೇಳಿ ತೆಗೆದುಕೊಂಡರು. ಒಂದು ಅವರ ಇಷ್ಟಲಿಂಗಕ್ಕೆ. ಇನ್ನೊಂದು ತೀರಿಕೊಂಡ ಅವ್ವನ ನೆನಪಿಗಿರಬೇಕು... ಕೇಳಿಲ್ಲ. ನಮ್ಮ ಮನೆಗೆ ಬಂದ ಈ ಎಂಟು ವರ್ಷವೂ ಹೀಗೇ, ಬಾಗಿಲು ಹಾಕಿಕೊಂಡು.

ಹರಿಹರದ ಕ್ಲಬ್ಬಿನ ಸೆಕ್ರೆಟರಿ ಏಕಾಂತಪ್ಪ ದಾವಣಗೆರೆಗೆ, ನಮ್ಮ ಮನೆಗೇ ಬಂದಿದ್ದರು. ಲೇಡೀಸ್ ಟೆನಿಸ್ ಟೂರ್ನಮೆಂಟ್. ನಾಳೆ ಸೆಮಿಫೈನಲ್, ೨೨ಕ್ಕೆ ಫೈನಲ್. ಕಪ್ ನಾನು ಕೊಡಬೇಕಂತೆ.

"ಒಂದ್ಕಾಲದಾಗೆ ನೀವೇ ಚಾಂಪಿಯನ್ ಅಂತಲ್ರಿ ಅಕ್ಕೋರೆ. ಈಗ ಕೊಡಾಕಾದ್ರೂ ಬರ್ರಿ."

೧೯೩೪. ಬೆಂಗಳೂರಿನ ಸ್ಕೂಲು. ನನಗೂ ಮರೆತೇಹೋಗಿತ್ತು. ಒಪ್ಪಿಕೊಂಡೆ. ಯಾಕೆ ಒಪ್ಪಿದೆನೋ — ಜಂಬವೇ ಇರಬೇಕು.

೮ ಜನವರಿ, ಭಾನುವಾರ. ಸಂಜೆ ೭

ಕ್ರಮವಾಗಿ ಬರೆಯಬೇಕು.

ಎರಡನೆಯ ಮ್ಯಾಚ್. ಹದಿನೇಳರ ಹುಡುಗಿ. ಹೆಸರು ದಿಲ್ಷಾದ್ ಬೇಗಂ. ಬಿಳಿ ಸಲ್ವಾರ್, ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು. ಚೆಂಡು ಎಡಕ್ಕೆ ಬಂತು. ಭುಜ ತಿರುಗಿಸಿದಳು, ಎಡಗೈ ರಾಕೆಟ್ಟಿನ ಕತ್ತು ಹಿಡಿದಿತ್ತು. ಬಿಟ್ಟಳು. ಬಲಗೈಯೊಂದರಲ್ಲೇ ಹೊಡೆದಳು. ಅಲ್ಲಿಯವರೆಗೆ ಎಲ್ಲರೂ ಹಾಗೇ. ಬಿಟ್ಟ ಎಡಗೈ ಬ್ಯಾಲೆನ್ಸಿಗಾಗಿ ಹಿಂದಕ್ಕೆ ಚಾಚಬೇಕು. ಅವಳದು ಎದೆಗೆ ಬಂತು. ಅಂಗೈ ಮುಚ್ಚಿತು. ಪ್ರತಿ ಸಲವೂ.

ಅದು ನನ್ನ ಬ್ಯಾಕ್‌ಹ್ಯಾಂಡ್.

ನನ್ನ ಕೈ ಎದೆಗೆ ಹೋಗುತ್ತಿದ್ದುದಕ್ಕೆ ಕಾರಣವಿತ್ತು. ಕತ್ತಿನಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ತಿರುಗಿದರೆ ತೂಗಾಡಿ ಗದ್ದಕ್ಕೆ ಬಡಿಯುತ್ತಿತ್ತು. ತೆಗೆದಿಡುವಂತಿಲ್ಲ. ಹಿಡಿದುಕೊಂಡೇ ಹೊಡೆಯಲು ಕಲಿತೆ. "ಅಗ್ಲಿ ಸ್ಟೈಲ್" ಎಂದು ಮುಖ ಸಿಂಡರಿಸಿದ್ದರು ಟೀಚರ್. ಗೆದ್ದ ಮೇಲೆ ಸುಮ್ಮನಾದರು. ಆ ಹೊಡೆತ ಕಲಿಸಿದ್ದು ಒಬ್ಬಳಿಗೆ ಮಾತ್ರ. ನನ್ನ ತಂಗಿ ಉಮಾಗೆ. ರಜೆಯಲ್ಲಿ, ನಮ್ಮ ಅರಳೆ ಗೋದಾಮಿನ ಗೋಡೆಗೆ. "ಹಿಡಿ, ಆಮೇಲೆ ಹೊಡಿ" ಎಂದು ಕೂಗುತ್ತಿದ್ದೆ. ಉಮಾ ೧೯೪೨ರಲ್ಲಿ ಹುಬ್ಬಳ್ಳಿಯಲ್ಲಿ ಕಾಲರಾದಿಂದ ಹೋದಳು.

ಈ ಹುಡುಗಿಯ ಕತ್ತಿನಲ್ಲಿ ಏನೂ ಇಲ್ಲ. ಹಿಡಿಯಲು ಏನೂ ಇಲ್ಲ.

ಮ್ಯಾಚ್ ಗೆದ್ದು ಬಂದಳು. ಯಾರು ಕಲಿಸಿದ್ದು ಎಂದೆ.

"ಅಮ್ಮಿ ರೀ. ಮನೆ ಹಿಂದಿನ ಗೋಡೆಗೆ."

"ಎಡಗೈ ಎದೆ ಮೇಲೆ ಯಾಕೆ?"

ನಕ್ಕಳು. "ಎಲ್ರೂ ಅದನ್ನೇ ಕೇಳ್ತಾರೆ. ಗೊತ್ತಿಲ್ರಿ. ಅಮ್ಮೀನೂ ಹೇಳಂಗಿಲ್ಲ. ಕೈ ತೆಗೆದ್ರೆ ಬಾಲ್ ನೆಟ್ಟಿಗೆ ಹೋಗ್ತೈತೆ."

"ಅಮ್ಮಿ ಬಂದಿಲ್ಲವೇ?"

"ದಾವಣಗೆರೆಯೋರು ಬರ್ತಾರೆ ಅಂದ್ರೆ ಬರಂಗಿಲ್ರಿ. ಯಾಕೋ."

ಕುರ್ಚಿಯ ಕೈ ಹಿಡಿದುಕೊಂಡೆ. ಏಕಾಂತಪ್ಪ ಸೋಡಾ ತರಿಸಿದರು. ಬಿಸಿಲಿರಬೇಕು ಎಂದರು. ಹೌದು ಎಂದೆ.

೯ ಜನವರಿ, ಸೋಮವಾರ

ಸುಳ್ಳು. ಯಾರಾದರೂ ಹಾಗೆ ಆಡಬಹುದು. ಆಡಬಹುದೇ?

೧೨ ಜನವರಿ, ಗುರುವಾರ. ಮಧ್ಯಾಹ್ನ

ಅಪ್ಪಾಜಿ ಮಠಕ್ಕೆ ಹೋಗಿದ್ದರು. ಅವರ ಪೂಜೆಯ ಪೆಟ್ಟಿಗೆ ತೆಗೆದೆ. ನನ್ನ ವಯಸ್ಸಿನವಳು ಮಾಡುವ ಕೆಲಸವಲ್ಲ.

ಕೆಳಗೆ ಕೆಂಪು ಬಟ್ಟೆ. ಒಳಗೆ ಸಣ್ಣ ಕರಡಿಗೆ. ಒಂದು ಕಡೆ ನೆಗ್ಗಿದೆ. ಮೊದಲ ವಾರ ಉಮಾ ತನ್ನದೇ ರಾಕೆಟ್ ತಾಗಿಸಿಕೊಂಡದ್ದು. ಅದಾದ ಮೇಲೆಯೇ ಹಿಡಿಯುವುದನ್ನು ಕಲಿಸಿದ್ದು. ಮೇಲೆ ಇವತ್ತಿನ ಹಸಿ ವಿಭೂತಿ. ಬಿಲ್ವದಳ.

ಎರಡನೆಯ ದಳ.

ನಮ್ಮಲ್ಲಿ ಸತ್ತವರ ಎಡಗೈಯಲ್ಲಿ ಅವರ ಲಿಂಗ ಇಟ್ಟೇ ಸಮಾಧಿ ಮಾಡುವುದು. ಇದು ಇಲ್ಲಿದ್ದರೆ...

ಬಟ್ಟೆ ಮತ್ತೆ ಸುತ್ತಿ ಇದ್ದಲ್ಲೇ ಇಟ್ಟೆ.

ಒಂದು ಮಾತು, ಇಲ್ಲಿಯಾದರೂ ನಿಜ ಬರೆಯಬೇಕು. ಅವರು ನಮ್ಮ ಮನೆಗೆ ಬಂದ ವರ್ಷ ಪೆಟ್ಟಿಗೆ ಒರೆಸುವಾಗ ಈ ಕೆಂಪು ಗಂಟು ಮುಟ್ಟಿದ್ದೆ. ಗಟ್ಟಿಯಾಗಿ, ದುಂಡಗೆ. ಬಿಚ್ಚಲಿಲ್ಲ.

೧೩ ಜನವರಿ, ಶುಕ್ರವಾರ

ಊಟದ ನಂತರ ಕರಡಿಗೆಯನ್ನು ಅಪ್ಪಾಜಿಯ ಮುಂದೆ ಇಟ್ಟೆ.

"ಯಾರು ಮುಟ್ಟು ಅಂದ್ರು ನಿನಗೆ?"

"ಉಮಾಗೆ ಮಣ್ಣು ಕೊಟ್ಟಿದ್ರೆ ಇದು ಅವಳ ಕೈಯಾಗೆ ಇರಬೇಕಿತ್ತಲ್ಲ, ಅಪ್ಪಾಜಿ."

ಕರಡಿಗೆಯ ನೆಗ್ಗಿನ ಮೇಲೆ ಬೆರಳಾಡಿಸಿದರು.

"ದೇವರ ಮುಂದೆ ಬಿಚ್ಚಿಟ್ಟು ಅವನ ಹಿಂದೆ ಹೋದ್ಲು. ಡಾಕ್ಟ್ರು, ಅವನು. ಸಾಬ್ರವನು. ನಾನು ಸತ್ಲು ಅಂದೆ."

"ನನಗೂ ಹಂಗೇ ಬರೆದ್ರಿ."

"ಬಾಣಂತಿ ಇದ್ದಿ ನೀನು. ನಿಮ್ಮವ್ವನೂ ಇರಲಿಲ್ಲ. ಏನಂತ ಬರೀಬೇಕಿತ್ತು?"

"ಆಮೇಲೆ? ಹತ್ತೊಂಬತ್ತು ವರ್ಷ?"

ಆಗ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಒಂದಿನಾನಾ ಸಮಾಧಿ ಎಲ್ಲೈತೆ ಅಂತ ಕೇಳಿದೇನು ನೀನು?"

ಎದ್ದು ಬಂದೆ.

ಕೇಳಿಲ್ಲ. ಒಂದು ದಿನವೂ ಕೇಳಿಲ್ಲ.

೧೬ ಜನವರಿ, ಸೋಮವಾರ

ಪತ್ರ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಸಲೀಸಾದೀತು ಎಂದುಕೊಂಡೆ. 'ಮೈ ಡಿಯರ್ ಉಮಾ' — ಮುಂದೆ ಹೋಗಲಿಲ್ಲ. ಹರಿದೆ. ಅವಳಿಗೆ ಈಗ ಏನು ಹೆಸರೋ.

ಕೊನೆಗೆ ಏಕಾಂತಪ್ಪನವರಿಗೆ ಫೋನ್. ಆ ಹುಡುಗಿಗೆ ಹೇಳಿ, ಮನೆಯಲ್ಲಿ ಅಮ್ಮಿಗೆ ಒಂದು ಮಾತು ಮುಟ್ಟಿಸಲಿ ಎಂದೆ. "ಹಿಡಿ, ಆಮೇಲೆ ಹೊಡಿ."

"ಇದೇನ್ರಿ ಅಕ್ಕೋರೆ, ಫೈನಲ್‌ಗೆ ಕೋಚಿಂಗಾ?"

ಹಾಗೇ ಅಂದುಕೊಳ್ಳಿ ಎಂದೆ.

೧೯ ಜನವರಿ, ಗುರುವಾರ

ಏಕಾಂತಪ್ಪನ ಫೋನ್. "ಆ ಹುಡುಗಿ ತಾಯಿ ಫೈನಲ್ ನೋಡಾಕೆ ಬರ್ತಾರಂತೆ. ಯಾವತ್ತೂ ಬರದೋರು. ನಿಮ್ಮ ಮಾತು ಕೇಳಿ ಒಂದ್ ತಾಸು ಅತ್ರಂತೆ. ಅಂಥಾದ್ದೇನ್ರಿ ಅದರಾಗೆ?"

ರಿಸೀವರ್ ಇಟ್ಟೆ. ಅಪ್ಪಾಜಿಯ ಕೋಣೆಯ ಬಾಗಿಲಿಗೆ ಹೋಗಿ, ಭಾನುವಾರ ಹರಿಹರಕ್ಕೆ ಉಮಾ ಬರುತ್ತಾಳೆ ಎಂದು ಹೊರಗಿನಿಂದಲೇ ಹೇಳಿದೆ.

೨೨ ಜನವರಿ, ಭಾನುವಾರ. ಬೆಳಿಗ್ಗೆ ೮

ಒಂಬತ್ತು ದಿನದಿಂದ ಅಪ್ಪಾಜಿ ನನ್ನೊಡನೆ ಮಾತಾಡಿಲ್ಲ. ಇವತ್ತೂ ಎರಡು ದಳ ಇಟ್ಟೆ. ಒಂದನ್ನು ತಟ್ಟೆಗೆ ವಾಪಸ್ ಹಾಕಿದರು.

"ಇನ್ನ ಒಂದೇ ಸಾಕು."

ಮೇಜಿನ ಮೇಲೆ ಉಮಾಳ ಕರಡಿಗೆ. ಬೂದಿ ಒರೆಸಿ ಬೆಳಗಿದ್ದಾರೆ. ಹೊಸ ಶಿವದಾರ.

"ಹಳೇ ದಾರ ಪಿಸಿದಿತ್ತು. ಹಾಕ್ಕೊಂತಾಳೋ ಬಿಡ್ತಾಳೋ, ಅವಳಿಷ್ಟ. ನಾನು ಕೇಳಿದೆ ಅಂತ ಹೇಳಬ್ಯಾಡ."

ನೀವೂ ಬನ್ನಿ ಎಂದೆ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ದಿನ, ಮಧ್ಯಾಹ್ನ ೩-೪೦. ಹರಿಹರ, ಕಾರಿನಲ್ಲಿ

ದಾರಿಯುದ್ದಕ್ಕೂ ಕರಡಿಗೆ ಎಡಗೈಯಲ್ಲೇ. ಕೈಚೀಲದಲ್ಲಿಡಲು ಮನಸ್ಸಾಗಲಿಲ್ಲ. ಬೆವರಿಗೆ ಬೆಳ್ಳಿ ಬಿಸಿಯಾಗಿದೆ. ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ಕ್ಷಮಿಸು ಎಂದರೆ ಯಾವುದಕ್ಕೆ ಎಂದಾಳು. ನಂಬಿದ್ದಕ್ಕೋ, ಕೇಳದೇ ಇದ್ದದ್ದಕ್ಕೋ.

ಒಳಗೆ ಚೆಂಡಿನ ಸದ್ದು. ಹುಡುಗಿಯರು ಮ್ಯಾಚಿಗೆ ಮುಂಚಿನ ನಾಕ್‌ಅಪ್ ಆಡುತ್ತಿದ್ದಾರೆ.

ಡ್ರೈವರ್ ಲಾಲ್ ಸಾಬ್ ಬಾಗಿಲು ತೆಗೆದು ನಿಂತಿದ್ದಾನೆ. "ಬರೆಯೋದು ಆಮೇಲೆ ಬರೀರಿ ಅಕ್ಕೋರೆ. ಗೇಟಿನತಾಕ ಯಾರೋ ನಿಮ್ಮನ್ನೇ ನೋಡಾಕತ್ತಾರೆ."

ಹೌದು. ಜಟಕಾ ಇಳಿದು ನಿಂತಿದ್ದಾಳೆ. ಬುರ್ಖಾದ ಮುಸುಕು ಎತ್ತಿದ್ದಾಳೆ. ಕೂದಲು ನನಗಿಂತ ನೆರೆತಿದೆ. ಬಲಗೈ ಗೇಟಿನ ಮೇಲೆ. ಎಡಗೈ —